ತುಲಾ ಸಂಕ್ರಮಣದ ಮುಟ್ಟು, ಆಟಿ ತಿಂಗಳ ಹೆರಿಗೆ

ನವೆಂಬರ್ ಕೊನೆಗೆ ಅಣ್ಣನ ಮಗಳ ಫೋನ್ ಬಂತು. "ಅತ್ತೆ, ಕಿಟ್‌ನಲ್ಲಿ ಎರಡು ಗೆರೆ ಬಂತು." ನಾನು ಮೊದಲು ಕೇಳಿದ್ದು, "ಕೊನೆಯ ಮುಟ್ಟು ಯಾವತ್ತು?" ತಾರೀಖು ಅವಳಿಗೆ ನೆನಪಿಲ್ಲ. "ಮನೆಯವರೆಲ್ಲ ತಲಕಾವೇರಿಗೆ ತೀರ್ಥಕ್ಕೆ ಹೊರಟರಲ್ಲ, ಅವತ್ತೇ ಆಗಿ ನಾನು ಮನೆಯಲ್ಲೇ ಉಳಿದೆ" ಅಂದಳು. ನನಗೆ ಅಷ್ಟು ಸಾಕು. ತಲಕಾವೇರಿ ತೀರ್ಥ ಅಂದರೆ ತುಲಾ ಸಂಕ್ರಮಣ, ಆ ಸಲ ಅದು ಅಕ್ಟೋಬರ್ 17.

ನಾನು 31 ವರ್ಷ ಸರ್ಕಾರಿ ಆರೋಗ್ಯ ಸಬ್ ಸೆಂಟರಿನಲ್ಲಿ ಎಎನ್‌ಎಂ, ಅಂದರೆ ಹಳ್ಳಿ ನರ್ಸ್ ಆಗಿದ್ದವಳು. ಊರಿನವರ ಬಾಯಲ್ಲಿ ಸಿಸ್ಟರ್. ಡಾಕ್ಟರ್ ಅಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೊಡಗಿನ ಕಡೆ ಹೆಂಗಸರು ಮುಟ್ಟಿನ ತಾರೀಖು ಹೇಳಿದ್ದು ಕಮ್ಮಿ. ಹುತ್ತರಿ ಹಬ್ಬ ಆಗಿ ಎರಡು ದಿನಕ್ಕೆ ಅನ್ನುತ್ತಾರೆ, ಕೈಲ್ ಮುಹೂರ್ತ ಹಬ್ಬದ ಹಿಂದಿನ ವಾರ ಅನ್ನುತ್ತಾರೆ, ತೋಟದ ಕೆಲಸಗಾರರ ಲೈನ್ ಮನೆಯವರಾದರೆ ಬಟವಾಡೆ ದಿನ ಅನ್ನುತ್ತಾರೆ. ಅದನ್ನೆಲ್ಲ ತಾರೀಖಿಗೆ ತಿರುಗಿಸಲು ನನ್ನ ಚೀಲದಲ್ಲಿ ಯಾವಾಗಲೂ ಒಂದು ಹಳೆಯ ಕ್ಯಾಲೆಂಡರ್ ಇರುತ್ತಿತ್ತು.

ಲೆಕ್ಕ ಸುಲಭ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ. ಅಕ್ಟೋಬರ್ 17ಕ್ಕೆ ಕೂಡಿಸಿದರೆ ಜುಲೈ 24. ಒಟ್ಟು 280 ದಿನ, ಅಂದರೆ 40 ವಾರ. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬಾರದವರಿಗೆ ಈ ಲೆಕ್ಕ ಕೈಕೊಡುತ್ತದೆ. ಅಂಥವರು ಮೊದಲ ಮೂರು ತಿಂಗಳೊಳಗೆ ಸ್ಕ್ಯಾನ್ ಮಾಡಿಸಿ ದಿನ ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಮಾಡಿದ ಸ್ಕ್ಯಾನಿನಲ್ಲಿ ದಿನ ಅಷ್ಟು ನಿಖರವಾಗಿ ಸಿಗುವುದಿಲ್ಲ.

ಜುಲೈ 24 ಅಂದರೆ ಆಟಿ ತಿಂಗಳು, ಜೋರು ಮಳೆಯ ಕಾಲ. ಕೊಡವರು ಕಕ್ಕಡ ಅನ್ನುವುದೂ ಇದನ್ನೇ. ಹುಡುಗಿಯ ಗಂಡನ ಮನೆ ಭಾಗಮಂಡಲದಿಂದ ಆಚೆ. ಮಡಿಕೇರಿಯ ಆಸ್ಪತ್ರೆಗೆ 40 ಕಿಲೋಮೀಟರಿಗೂ ಜಾಸ್ತಿ. ಫೋನಿನಲ್ಲೇ ಹೇಳಿಬಿಟ್ಟೆ, "ಜೂನ್ ಮುಗಿಯೋದರೊಳಗೆ ನೀನು ನನ್ನ ಮನೆಗೆ ಬಂದುಬಿಡಬೇಕು." ಅತ್ತಿಗೆಗೆ ಇದು ಅತಿಯಾಯಿತು ಅನ್ನಿಸಿತು. ಇನ್ನೂ ಎರಡು ಗೆರೆ ಬಂದಿದೆ ಅಷ್ಟೇ, ಈಗಲೇ ಹೆರಿಗೆಯ ಮಾತೇ? ಆದರೆ ಕೊಡಗಿನಲ್ಲಿ ಬಸುರಿಗೆ ಎರಡು ಲೆಕ್ಕ ಬೇಕು. ವಾರದ್ದೊಂದು, ಮಳೆಯದ್ದೊಂದು.

ತಿಂಗಳಿನ ಲೆಕ್ಕ ಯಾಕೆ ಬೇಡ ಅಂದರೆ, ಒಬ್ಬರಿಗೆ ಏಳು ತಿಂಗಳು ಅಂದರೆ ಏಳು ತುಂಬಿದ್ದು, ಇನ್ನೊಬ್ಬರಿಗೆ ಏಳಕ್ಕೆ ಬಿದ್ದಿದ್ದು. ನಡುವೆ ನಾಲ್ಕು ವಾರ ಕಳೆದುಹೋಗುತ್ತದೆ. ವಾರದ ಲೆಕ್ಕದಲ್ಲೂ ಒಂದು ಚಮತ್ಕಾರ ಇದೆ. ಎಣಿಕೆ ಮುಟ್ಟಿನ ದಿನದಿಂದ ಶುರು, ಗರ್ಭ ಕಟ್ಟುವುದು ಸುಮಾರು ಎರಡು ವಾರದ ನಂತರ. ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಒಂದು ಮನೆಯಲ್ಲಿ ಮದುವೆಯಾಗಿ ನಾಲ್ಕೇ ವಾರ, ಚೀಟಿಯಲ್ಲಿ ಆರು ವಾರದ ಬಸುರಿ ಅಂತ ಬರೆದಿತ್ತು. ಅತ್ತೆ ಊಟ ಬಿಟ್ಟು ಕೂತಿದ್ದರು. ಕ್ಯಾಲೆಂಡರ್ ಹಿಡಿದು ಅಂಗಳದಲ್ಲಿ ಕೂತು ನಾನೇ ಲೆಕ್ಕ ಬಿಡಿಸಿ ಹೇಳಬೇಕಾಯಿತು.

ಮೆಣಸಿನ ಕಾಳು, ಕಾಫಿ ಹಣ್ಣು

ನವೆಂಬರ್ 28ಕ್ಕೆ ಅವಳಿಗೆ ಆರು ವಾರ. ಆಗ ಒಳಗಿರುವುದು ಒಂದು ಕರಿಮೆಣಸಿನ ಕಾಳಿನಷ್ಟು, ನಾಲ್ಕೈದು ಮಿಲಿಮೀಟರ್. ಅಷ್ಟರಲ್ಲೇ ಎದೆ ಬಡಿತ ಶುರುವಾಗಿರುತ್ತದೆ. ಎಂಟು ವಾರಕ್ಕೆ, ಡಿಸೆಂಬರ್ 12ರ ಹೊತ್ತಿಗೆ, ಒಂದೂವರೆ ಸೆಂಟಿಮೀಟರ್ ದಾಟುತ್ತದೆ. ಒಂದು ದಪ್ಪ ಕಾಫಿ ಹಣ್ಣು ಅನ್ನಿ. ಕೈಕಾಲಿನ ಮೊಗ್ಗು ಮೂಡಿ ಬೆರಳು ಬಿಡಿಸುವ ಸಮಯ. 12 ವಾರಕ್ಕೆ ತಲೆಯಿಂದ ಕುಂಡೆಯವರೆಗೆ ಐದೂವರೆ ಸೆಂಟಿಮೀಟರ್ ಆಚೀಚೆ, ನಮ್ಮ ಸಣ್ಣ ಕಿತ್ತಳೆಯ ಅಗಲ. ತೂಕ ಮಾತ್ರ 15 ಗ್ರಾಂ ಸುತ್ತಮುತ್ತ. ಅಂಗಾಂಗದ ರಚನೆಯೆಲ್ಲ ಬಹುಪಾಲು ಇಷ್ಟರಲ್ಲೇ ಆಗಿಬಿಟ್ಟಿರುತ್ತದೆ. ಉಳಿದ ಆರು ತಿಂಗಳು ಬೆಳೆಯುವುದು, ಬಲಿಯುವುದು.

ಫೋಲಿಕ್ ಆಸಿಡ್ ಮಾತ್ರೆ ಇದಕ್ಕೇ. ಮಿದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ಕಟ್ಟಿ 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಅಂದರೆ ನಮ್ಮ ಲೆಕ್ಕದಲ್ಲಿ ಆರನೇ ವಾರ. ಎಷ್ಟೋ ಜನ ಕಿಟ್ ತರುವುದೇ ಆಗ! ಹಾಗಾಗಿ ಮಗು ಬೇಕು ಅಂದುಕೊಂಡ ತಿಂಗಳಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು, 12 ವಾರದವರೆಗೆ ಬಿಡಬಾರದು. ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆ ಇರುವವರಿಗೆ ಪ್ರಮಾಣ ಬೇರೆ. ಅವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಈ ಮೂರು ತಿಂಗಳಲ್ಲಿ ಹೆದರಬೇಕಾದ್ದು ಒಂದಿದೆ. ಕೆಳಹೊಟ್ಟೆಯ ಒಂದೇ ಕಡೆ ಜೋರು ನೋವು, ಜೊತೆಗೆ ರಕ್ತಸ್ರಾವ ಅಥವಾ ತಲೆಸುತ್ತು. ಗರ್ಭ ನಳಿಕೆಯಲ್ಲಿ ಕಟ್ಟಿಕೊಂಡು ಒಡೆಯುತ್ತಿರಬಹುದು. ಬೆಳಿಗ್ಗೆವರೆಗೆ ಕಾಯಬೇಡಿ.

ವಾಕರಿಕೆಗೆ ನಾನು ಹೇಳುವುದು, ಎದ್ದ ತಕ್ಷಣ ಕಾಲು ನೆಲಕ್ಕಿಡುವ ಮೊದಲು ಒಂದು ತುಂಡು ಒಣ ಅಕ್ಕಿ ರೊಟ್ಟಿ ಅಗಿಯಿರಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಶುಂಠಿ ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಇಲ್ಲ. ನೀರೂ ನಿಲ್ಲುತ್ತಿಲ್ಲ, ಮೂತ್ರ ಗಾಢ ಬಣ್ಣ, ಅದೂ ದಿನಕ್ಕೆ ಒಂದೋ ಎರಡೋ ಸಲ ಅಂದರೆ ಡ್ರಿಪ್ಸ್ ಬೇಕು ಅಂತ ಅರ್ಥ.

ಇನ್ನು ಕಾಫಿ

ಕೊಡಗಿನಲ್ಲಿ ಬಸುರಿಗೆ ಕಾಫಿ ಬಿಡು ಅನ್ನುವುದು ಮೀನಿಗೆ ನೀರು ಬಿಡು ಅಂದ ಹಾಗೆ. ಪೂರ್ತಿ ಬಿಡಬೇಕಾಗಿಲ್ಲ. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಆದರೆ ಯಾವ ಕಾಫಿ ಅನ್ನುವುದನ್ನು ನೋಡಬೇಕು. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು ಕೆಫೀನ್ ಇರುತ್ತದೆ. ನಮ್ಮ ಮನೆಗಳಲ್ಲಿ ಹುರಿದು ಪುಡಿ ಮಾಡಿಟ್ಟುಕೊಳ್ಳುವುದು ಎಷ್ಟೋ ಕಡೆ ಸ್ವಂತ ತೋಟದ ರೊಬಸ್ಟಾವೇ. ಅದರ ಬೆಲ್ಲದ ಕಾಫಿ ದೊಡ್ಡ ಲೋಟದಲ್ಲಿ ನಾಲ್ಕು ಸಲ ಅಂದರೆ ಲೆಕ್ಕ ಎಲ್ಲೋ ಹೋಗುತ್ತದೆ. ಬೆಳಿಗ್ಗೆ ಒಂದು ಸಣ್ಣ ಲೋಟ, ಬೇಕೇ ಬೇಕಾದರೆ ಸಂಜೆ ಅರ್ಧ. ಅಷ್ಟಕ್ಕೆ ನಿಲ್ಲಿಸಿ. ಟೀ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ.

ಕಾಫಿಯ ಇನ್ನೊಂದು ಕಿತಾಪತಿ ಆಮೇಲೆ ಗೊತ್ತಾಯಿತು. ಜನವರಿಯಲ್ಲಿ ಅವಳ ಹಿಮೋಗ್ಲೋಬಿನ್ 9.8 ಇತ್ತು. ಬಸುರಿಗೆ 11ಕ್ಕಿಂತ ಕಮ್ಮಿಯಾದರೆ ರಕ್ತಹೀನತೆ. ನಾಲ್ಕನೇ ತಿಂಗಳಿಂದ ಎಲ್ಲರಿಗೂ ದಿನಕ್ಕೊಂದು ಕಬ್ಬಿಣದ ಮಾತ್ರೆ, 180 ದಿನ. ಅವಳಿಗೆ ಡಾಕ್ಟರ್ ದಿನಕ್ಕೆರಡು ಬರೆದರು. ಒಂದು ತಿಂಗಳು ಬಿಟ್ಟು ನೋಡಿದರೆ 9.9. ತಪ್ಪದೆ ನುಂಗುತ್ತಿದ್ದೇನೆ ಅಂತ ಆಣೆ ಮಾಡುತ್ತಾಳೆ. ಒಂದು ಭಾನುವಾರ ಅವಳ ಮನೆಗೆ ಹೋದೆ. ಅಡುಗೆಮನೆ ಕಿಟಕಿಯ ಹಲಗೆ ಮೇಲೆ ಮಾತ್ರೆಯ ಪಟ್ಟಿ, ಪಕ್ಕದಲ್ಲೇ ಕಾಫಿ ಲೋಟ ಇಟ್ಟ ಉಂಗುರದ ಕಲೆ. ಕಾಫಿ ಜೊತೆಗೇ ನುಂಗುತ್ತಿದ್ದಳು! ಕಾಫಿ, ಟೀ ಎರಡೂ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಹಾಲು, ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ. ಮಾತ್ರೆ ಪಟ್ಟಿಯನ್ನು ಕಿಟಕಿಯಿಂದ ತೆಗೆದು ಮಲಗುವ ಕೋಣೆಯಲ್ಲಿ ಇಟ್ಟು ಬಂದೆ. ಊಟ ಆಗಿ ಒಂದೆರಡು ಗಂಟೆ ಬಿಟ್ಟು ನಿಂಬೆ ಪಾನಕದ ಜೊತೆ ಒಂದು, ರಾತ್ರಿ ಮಲಗುವಾಗ ಇನ್ನೊಂದು. ಕ್ಯಾಲ್ಸಿಯಂ ಊಟದ ಜೊತೆ. ಕಬ್ಬಿಣಕ್ಕೂ ಕಾಫಿಗೂ ನಡುವೆ ಎರಡು ಗಂಟೆ ಅಂತರ. ಮೇ ತಿಂಗಳಿಗೆ 11.2 ಆಯಿತು. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ.

ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ರಕ್ತ ಹೀರುತ್ತಿರುತ್ತದೆ. ಮೂರು ತಿಂಗಳು ಕಳೆದ ಮೇಲೆ ಜಂತುಹುಳುವಿನ ಮಾತ್ರೆ ಒಂದನ್ನು ಸಿಸ್ಟರ್ ಕೊಡುತ್ತಾರೆ. ಅದನ್ನು ಕಸಕ್ಕೆ ಹಾಕಬೇಡಿ.

ತಾಯಿ ಕಾರ್ಡ್ ಮತ್ತು ನಡುವಿನ ತಿಂಗಳುಗಳು

ಗೊತ್ತಾದ ತಕ್ಷಣ ಆಶಾ ಕಾರ್ಯಕರ್ತೆಗೋ ಸಿಸ್ಟರಿಗೋ ಹೇಳಿ ತಾಯಿ ಕಾರ್ಡ್ ಮಾಡಿಸಿ. 12 ವಾರದೊಳಗೆ ಒಂದು, ಆಮೇಲೆ ಕನಿಷ್ಠ ಮೂರು ತಪಾಸಣೆ ಬೇಕು. ನನ್ನನ್ನು ಕೇಳಿದರೆ ತಿಂಗಳಿಗೊಂದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರೇ ಬಸುರಿಯರನ್ನು ಉಚಿತವಾಗಿ ನೋಡುತ್ತಾರೆ. ನಮ್ಮ ಹುಡುಗಿಗೆ ಜನವರಿ 9ಕ್ಕೆ ಸರಿಯಾಗಿ 12 ವಾರ ತುಂಬಿತ್ತು. ಬಿಪಿ, ತೂಕ, ಮೂತ್ರ, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ, ಕಾಮಾಲೆ ಬಿ, ಸಿಫಿಲಿಸ್ ಎಲ್ಲ ನೋಡುತ್ತಾರೆ. ಧನುರ್ವಾಯು ತಡೆಯುವ ಟಿಡಿ ಇಂಜೆಕ್ಷನ್ ನಾಲ್ಕು ವಾರದ ಅಂತರದಲ್ಲಿ ಎರಡು.

ಅವಳ ಗುಂಪು ಬಿ ನೆಗೆಟಿವ್, ಗಂಡನದು ಪಾಸಿಟಿವ್. ಹೀಗಿದ್ದರೆ ಮಗುವಿನ ರಕ್ತದ ವಿರುದ್ಧ ತಾಯಿಯ ಮೈ ಸೈನ್ಯ ಕಟ್ಟಬಹುದು. ಮೊದಲ ಮಗುವಿಗಿಂತ ಮುಂದಿನ ಮಗುವಿಗೆ ಅದರ ಅಪಾಯ ಜಾಸ್ತಿ. 28 ವಾರಕ್ಕೆ ಒಂದು ಆಂಟಿ-ಡಿ ಇಂಜೆಕ್ಷನ್. ಮಗು ಪಾಸಿಟಿವ್ ಆದರೆ ಹುಟ್ಟಿದ 72 ಗಂಟೆಯೊಳಗೆ ಇನ್ನೊಂದು. ಗರ್ಭ ಇಳಿದುಹೋದರೂ ಕೇಳಬೇಕು. ಸಣ್ಣ ಊರಿನಲ್ಲಿ ಕೇಳಿದ ತಕ್ಷಣ ಸಿಗುವ ಔಷಧಿ ಇದಲ್ಲ, ಮೊದಲೇ ಹೇಳಿಟ್ಟಿರಿ.

24ರಿಂದ 28 ವಾರದ ನಡುವೆ ಸಕ್ಕರೆ ಪರೀಕ್ಷೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ಕರಗಿಸಿ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಮೇಲಿದ್ದರೆ ಬಸುರಿನ ಸಕ್ಕರೆ ಕಾಯಿಲೆ. ಕುಡಿದ ಮೇಲೆ ವಾಂತಿಯಾದರೆ ಹೇಳಿ, ಮುಚ್ಚಿಡಬೇಡಿ.

ಮಾರ್ಚ್ 6ಕ್ಕೆ 20 ವಾರ. 18ರಿಂದ 20 ವಾರದ ಸ್ಕ್ಯಾನಿನಲ್ಲಿ ಹೃದಯ, ಬೆನ್ನು, ಮೂತ್ರಪಿಂಡ, ತುಟಿ ಎಲ್ಲ ಒಂದೊಂದಾಗಿ ನೋಡುತ್ತಾರೆ. ಇದೊಂದನ್ನು ಮಾತ್ರ ಮುಂದೂಡಬೇಡಿ. ಗಂಡೋ ಹೆಣ್ಣೋ ಅಂತ ಕೇಳುವುದೂ ಅಪರಾಧ, ಹೇಳುವುದೂ ಅಪರಾಧ. 1994ರ ಕಾಯ್ದೆ. ಆ ಹೊತ್ತಿಗೆ ಮಗು ಸುಮಾರು 300 ಗ್ರಾಂ. ಮೊದಲ ಬಸುರಿಗೆ ಮಗು ಮಿಸುಕಿದ್ದು ಗೊತ್ತಾಗುವುದೂ ಆಗಲೇ. ಹೂಮಳೆ ಬಿದ್ದು ರೊಬಸ್ಟಾ ಅರಳಿದ ವಾರ ಅವಳು ಫೋನ್ ಮಾಡಿದ್ದಳು. "ಅತ್ತೆ, ಗ್ಯಾಸೋ ಮಗುವೋ ಗೊತ್ತಾಗ್ತಿಲ್ಲ." ಮೊದಮೊದಲು ಎಲ್ಲರಿಗೂ ಗ್ಯಾಸೇ.

ಅದೇ ಸಮಯಕ್ಕೆ ಕಾಫಿ ಕುಯ್ಲು, ಮೆಣಸು ಕುಯ್ಲು. ನಡೆದಾಡುವ ಕೆಲಸ ಒಳ್ಳೆಯದೇ. ಏಣಿ ಹತ್ತಬೇಡಿ, ಮೂಟೆ ಹೊರಬೇಡಿ. ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಸಿಂಪಡಿಸುವಾಗ ತೋಟದ ಕಡೆ ಹೋಗಬೇಡಿ, ಸಿಂಪಡಿಸಿದವರ ಬಟ್ಟೆ ತೊಳೆಯುವುದನ್ನು ಬೇರೆಯವರಿಗೆ ಬಿಡಿ.

ಊಟದ ವಿಷಯದಲ್ಲಿ ಪ್ರತಿ ಮನೆಗೂ ಒಂದು ಕಾನೂನು. ನನ್ನದು ಇಷ್ಟು. ಹಂದಿ ಮಾಂಸ ತಿನ್ನಬಹುದು, ಆದರೆ ಒಳಗೆಲ್ಲೂ ಕೆಂಪು ಉಳಿಯದ ಹಾಗೆ ಬೆಂದಿರಬೇಕು. ಕಣಿಲೆ (ಎಳೆ ಬಿದಿರು) ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದ್ದಾದರೆ ತೊಂದರೆಯಿಲ್ಲ. ಕಾಡಿನ ಅಣಬೆ ಈ ಒಂದು ವರ್ಷ ಬೇಡ. ಪಪ್ಪಾಯ ಪೂರ್ತಿ ಹಣ್ಣಾಗಿದ್ದರೆ ಸರಿ, ಕಾಯಿ ಬೇಡ. ಇಬ್ಬರ ಊಟ ತಿನ್ನು ಅನ್ನುವ ಮಾತಿಗೆ ಕಿವಿಗೊಡಬೇಡಿ. ದಿನದ ಊಟದ ಮೇಲೆ ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ರೊಟ್ಟಿ ಜಾಸ್ತಿಯಾದರೆ ಸಾಕು. ಮನೆಯಲ್ಲೇ ಮಾಡಿದ ವೈನ್, ಏನೂ ಆಗಲ್ಲ ಅನ್ನುವವರು ಪ್ರತಿ ಮದುವೆಯಲ್ಲೂ ಸಿಗುತ್ತಾರೆ. ಅದರಲ್ಲಿರುವುದೂ ಆಲ್ಕೋಹಾಲೇ. ಮುಟ್ಟಬೇಡಿ.

ನನ್ನದೇ ಕಥೆ

ಕೊನೆಯ ಮೂರು ತಿಂಗಳ ಬಗ್ಗೆ ಹೇಳುವ ಮೊದಲು ಇದನ್ನು ಹೇಳಬೇಕು. 1994ರಲ್ಲಿ ನನ್ನ ಎರಡನೇ ಬಸುರು, 35 ವಾರ. ಬೆಳಿಗ್ಗೆ ಬಳೆ ಬಿಗಿಯಾಗುತ್ತಿತ್ತು. ಉಂಗುರ ಸೋಪು ಹಾಕಿದರೂ ಬರಲಿಲ್ಲ. ನಡೆದು ನಡೆದು ಊದಿದೆ ಅಂದುಕೊಂಡೆ. ಎರಡು ದಿನದಿಂದ ತಲೆನೋವು. ಮಳೆಗೆ ನೆಂದಿದ್ದಕ್ಕೆ ಅಂದುಕೊಂಡೆ. ದಿನಾ ಹತ್ತು ಜನ ಬಸುರಿಯರ ಮೂತ್ರ ಪರೀಕ್ಷೆ ಮಾಡುವವಳು ನಾನು! ಆಗ ಈಗಿನ ಹಾಗೆ ಬಣ್ಣದ ಪಟ್ಟಿ ಇರಲಿಲ್ಲ. ಗಾಜಿನ ಕೊಳವೆಯಲ್ಲಿ ಮೂತ್ರ ತುಂಬಿ, ಮೇಲಿನ ಭಾಗವನ್ನು ಸ್ಪಿರಿಟ್ ದೀಪಕ್ಕೆ ಹಿಡಿದು ಕುದಿಸಿ, ಎರಡು ಹನಿ ಅಸಿಟಿಕ್ ಆಸಿಡ್ ಹಾಕಬೇಕು. ತಿಳಿಯಾಗಿಯೇ ಇದ್ದರೆ ಸರಿ. ಬೆಳ್ಳಗಾಗಿ ನಿಂತರೆ ಪ್ರೋಟೀನ್ ಹೋಗುತ್ತಿದೆ.

ಒಂದು ಸಂಜೆ ಎಲ್ಲ ತೊಳೆದಿಡುವಾಗ ಸುಮ್ನೆ ನನ್ನದನ್ನೂ ನೋಡೋಣ ಅನ್ನಿಸಿತು. ಕೊಳವೆಯ ಮೇಲ್ಭಾಗ ಗಂಜಿಯ ಹಾಗೆ ಬೆಳ್ಳಗೆ ಕಟ್ಟಿಕೊಂಡಿತು. ಕೈ ನಡುಗಿ ಆಸಿಡ್ ಬಾಟಲಿ ಮಗುಚಿತು. ನನ್ನ ಬಿಪಿ ನಾನೇ ನೋಡಿಕೊಂಡೆ, 150/100. ರಾತ್ರಿಯೇ ತೋಟದ ಜೀಪಿನಲ್ಲಿ ಆಸ್ಪತ್ರೆಗೆ ಹೋದೆ. ಎರಡು ವಾರ ಅಲ್ಲೇ ಇಟ್ಟುಕೊಂಡು, 37 ವಾರಕ್ಕೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಮಗ 2.2 ಕಿಲೋ ಇದ್ದ. ಈಗ ಬೆಂಗಳೂರಿನಲ್ಲಿದ್ದಾನೆ, ಫೋನ್ ಮಾಡುವುದು ವಾರಕ್ಕೊಂದು ಸಲ.

20 ವಾರದ ನಂತರ ಬಿಪಿ 140/90 ಮುಟ್ಟಿದರೆ ಸಿಸ್ಟರ್ ಬಿಡುವುದಿಲ್ಲ, ನೀವೂ ಬಿಡಬೇಡಿ. ಕಾಲು ಸ್ವಲ್ಪ ಊದುವುದು ಎಲ್ಲರಿಗೂ ಇದ್ದದ್ದೇ. ಮುಖ, ಕೈ ಊದಿಕೊಂಡರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಅಥವಾ ಮಿಂಚು ಹೊಡೆದ ಹಾಗಾದರೆ, ಎದೆಗುಂಡಿಯ ಕೆಳಗೆ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿಪಿ ಏರಿ ಫಿಟ್ಸ್ ಬರುವ ಮುಂಚೆ ಸಿಗುವ ಸೂಚನೆ ಇಷ್ಟೇ. ಕೆಲವರಿಗೆ ಇದೂ ಸಿಗುವುದಿಲ್ಲ, ಅದಕ್ಕೇ ಬಿಪಿ ನೋಡಿಸುತ್ತಿರಬೇಕು.

28 ವಾರಕ್ಕೆ ಮಗು ಒಂದು ಕಿಲೋ ಆಚೀಚೆ. ಕಣ್ಣು ಬಿಡುತ್ತದೆ, ಶಬ್ದಕ್ಕೆ ಬೆಚ್ಚುತ್ತದೆ. 34 ವಾರದವರೆಗೂ ಶ್ವಾಸಕೋಶ ಪೂರ್ತಿ ಬಲಿತಿರುವುದಿಲ್ಲ. ಅದರೊಳಗೆ ನೋವು ಬಂದರೆ ಮಗುವಿನ ಉಸಿರಿಗಾಗಿ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಕೆಲಸ ಮಾಡಲು ಸಮಯ ಬೇಕು. ಹಾಗಾಗಿ ಎಂಟನೇ ತಿಂಗಳಲ್ಲಿ ಸೊಂಟ ಹಿಡಿದು ಬಿಟ್ಟು ನೋಯುತ್ತಿದ್ದರೆ ಕಷಾಯ ಕುಡಿದು ಮಲಗಬೇಡಿ.

ಮಗುವಿನ ಒದೆತ ಎಣಿಸುವುದು ಈ ಸಮಯದಲ್ಲಿ ತುಂಬಾ ಮುಖ್ಯ. ಊಟ ಆದ ಮೇಲೆ ಎಡಮಗ್ಗುಲಾಗಿ ಮಲಗಿ. ಎರಡು ಗಂಟೆಯಲ್ಲಿ ಹತ್ತು ಸಲ ಮಿಸುಕಾಡಬೇಕು. ಕಮ್ಮಿಯಾದರೆ, ಅಥವಾ ದಿನದ ಅಭ್ಯಾಸಕ್ಕಿಂತ ಬೇರೆ ಅನ್ನಿಸಿದರೆ, ಅವತ್ತೇ ಹೋಗಿ ಎದೆ ಬಡಿತ ಕೇಳಿಸಿ. ಒಂಬತ್ತು ತುಂಬಿತು, ಜಾಗ ಇಲ್ಲ, ಅದಕ್ಕೇ ಸುಮ್ಮನಿದೆ ಅನ್ನುವ ಮಾತು ಸುಳ್ಳು. ಆ ಮಾತು ನಂಬಿ ತಡವಾಗಿ ಬಂದವರನ್ನು ನಾನು ನೋಡಿದ್ದೇನೆ.

ಮಳೆಯ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್ ನಡುವೆ ದಿನ ಇರುವವರು 36 ವಾರ ಆದ ಮೇಲೆ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಬಂದುಬಿಡಿ. ಮೊದಲೆಲ್ಲ ಸಂಗಮದಲ್ಲಿ ನೀರು ಏರಿತೆಂದರೆ ಭಾಗಮಂಡಲದ ರಸ್ತೆಯೇ ಮುಳುಗುತ್ತಿತ್ತು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರಿನ ದಾರಿ ತಿಂಗಳುಗಟ್ಟಲೆ ಬಂದ್ ಆಗಿದ್ದು ಯಾರಿಗೆ ಮರೆತಿದೆ? ಆದ್ದರಿಂದ ಹೆಚ್ಚಿನ ಚಿಕಿತ್ಸೆ ಬೇಕಾದರೆ ಮೈಸೂರೋ ಮಂಗಳೂರೋ ಅನ್ನುವುದನ್ನೂ ಆ ದಿನದ ರಸ್ತೆ ನೋಡಿ ಹೇಳಬೇಕು. ಮೈಸೂರು ಮಡಿಕೇರಿಯಿಂದ 120 ಕಿಲೋಮೀಟರ್. ಸಿದ್ದಾಪುರ, ತಿತಿಮತಿ ಕಡೆಯವರಿಗೆ ಮಳೆ ಜೊತೆ ಆನೆ. ರಾತ್ರಿ ಹೊರಡುವ ಪರಿಸ್ಥಿತಿ ತಂದುಕೊಳ್ಳಬೇಡಿ, ಸಂಜೆ ಅನುಮಾನ ಬಂದರೆ ಸಂಜೆಯೇ ಹೊರಡಿ.

108ರ ಜೊತೆಗೆ ಪಕ್ಕದ ಮನೆಯ ಇಬ್ಬರು ಜೀಪಿನವರ ನಂಬರ್ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಕರೆಂಟ್ ಹೋಗಿ ಮೂರು ದಿನ ಆದರೆ ಮೊಬೈಲೂ ಇಲ್ಲ, ಟವರೂ ಇಲ್ಲ. ಜೀಪಿನಲ್ಲಿ ಕತ್ತಿ, ಹಗ್ಗ, ಟಾರ್ಚ್. ತಾಯಿ ಕಾರ್ಡ್, ಸ್ಕ್ಯಾನ್, ಆಧಾರ್, ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಲ್ಲಿ. ರಕ್ತ ಕೊಡಬಲ್ಲ ಇಬ್ಬರನ್ನು ಗುರುತಿಟ್ಟುಕೊಳ್ಳಿ, ನೆಗೆಟಿವ್ ಗುಂಪಿನವರಂತೂ ಖಂಡಿತ. ಮೆತ್ತಗಿನ ಹಳೆಯ ಪಂಚೆಗಳನ್ನು ಮೇ ತಿಂಗಳ ಬಿಸಿಲಿನಲ್ಲೇ ಒಗೆದು ಒಣಗಿಸಿಡಿ. ಜುಲೈನಲ್ಲಿ ಒಗೆದರೆ ಬೂಷ್ಟು ಹಿಡಿಯುವುದೇ ಹೊರತು ಒಣಗುವುದಿಲ್ಲ.

ಹುಡುಗಿ ಜುಲೈ 1ಕ್ಕೆ ನನ್ನ ಮನೆಗೆ ಬಂದಳು. 18ನೇ ತಾರೀಖು ಸಂಜೆ ರಕ್ತದ ಎಳೆ ಬೆರೆತ ಲೋಳೆ ಹೋಯಿತು. ಬಾಗಿಲು ತೆರೆಯುತ್ತಿದೆ ಅನ್ನುವ ಸೂಚನೆ ಅದು. ಹೆರಿಗೆಗೆ ಇನ್ನೂ ಗಂಟೆಗಳೂ ಇರಬಹುದು, ದಿನಗಳೂ ಇರಬಹುದು. ನೋವು 20 ನಿಮಿಷಕ್ಕೊಂದು. ಸುಳ್ಳು ನೋವಾದರೆ ನಡೆದಾಡಿದರೆ, ಮಲಗಿದರೆ ಅಡಗುತ್ತದೆ. ನಿಜವಾದ ನೋವು ಸೊಂಟದಿಂದ ಮುಂದಕ್ಕೆ ಸುತ್ತಿ ಬರುತ್ತದೆ, ಹೋಗ್ತಾ ಹೋಗ್ತಾ ಹತ್ತಿರವಾಗುತ್ತದೆ, ಜೋರಾಗುತ್ತದೆ. ಐದು ನಿಮಿಷಕ್ಕೊಂದು ಬರುವ ತನಕ ಮನೆಯಲ್ಲಿರಿ ಅನ್ನುವುದು ಪೇಟೆಯವರಿಗೆ. ಹಳ್ಳಿಯವರು ಹತ್ತು ನಿಮಿಷಕ್ಕೇ ಹೊರಡಿ. ನೀರು ಒಡೆದರೆ ನೋವು ಇಲ್ಲದಿದ್ದರೂ ಹೊರಡಿ. ನೀರು ಹಸಿರಾಗಿದ್ದರೆ, ಅಥವಾ ರಕ್ತ ಮುಟ್ಟಿನ ಹಾಗೆ ಹೋಗುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ.

ರಾತ್ರಿ ಒಂದೂವರೆಗೆ ಆಸ್ಪತ್ರೆಗೆ ಸೇರಿಸಿದಾಗ ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಹತ್ತಾಗಬೇಕು. ಅಳಿಯ ಊರಿಂದ ಜೀಪಿನಲ್ಲಿ ಹೊರಟವನು ತಲುಪಿದ್ದು ಬೆಳಗಿನ ಐದಕ್ಕೆ. ದಾರಿಯಲ್ಲಿ ಎರಡು ಕಡೆ ಮರ. ಮೈಯೆಲ್ಲ ಗರಗಸದ ಹೊಟ್ಟು, ಕಾಲಲ್ಲಿ ಜಿಗಣೆ ಕಚ್ಚಿದ ರಕ್ತ. ಅವನ ಮುಖ ನೋಡಿ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ಅಷ್ಟು ಮುಂಚೆ ಕರೆತಂದದ್ದರ ಬಗ್ಗೆ ಆಮೇಲೆ ಒಂದು ಮಾತೂ ಆಡಲಿಲ್ಲ.

ಹೆರಿಗೆಯ ಮೊದಲ ಹಂತವೇ ಉದ್ದ. ಐದು ಸೆಂಟಿಮೀಟರ್ ಆಗುವವರೆಗೆ ನಿಧಾನ, ಆಮೇಲೆ ಚುರುಕು. ಮೊದಲ ಹೆರಿಗೆಯಲ್ಲಿ ಆ ಚುರುಕಿನ ಹಂತವೂ 12 ಗಂಟೆ ಹಿಡಿಯಬಹುದು. ಅಂಗಾತ ಮಲಗಬೇಡಿ. ನಡೆಯಿರಿ, ಮಗ್ಗುಲಾಗಿ, ನೀರು ಕುಡಿಯಿರಿ, ಮೂತ್ರಕ್ಕೆ ಹೋಗಿ. ಜೊತೆಗೆ ಒಬ್ಬ ಹೆಂಗಸನ್ನು ಒಳಗೆ ಬಿಡಿ ಅಂತ ಕೇಳಿ, ಸರ್ಕಾರಿ ಆಸ್ಪತ್ರೆಗಳಿಗೂ ಅದಕ್ಕೆ ಸೂಚನೆ ಇದೆ. ಬೇಗ ಆಗಲಿ ಅಂತ ಮನೆಯಲ್ಲಿ ನೋವು ಬರಿಸುವ ಇಂಜೆಕ್ಷನ್ ಹಾಕುವವರು ಬಂದರೆ ಬಾಗಿಲಲ್ಲೇ ತಡೆಯಿರಿ. ಗರ್ಭಕೋಶ ಒಡೆದುಹೋಗಬಹುದು.

ಹತ್ತು ಸೆಂಟಿಮೀಟರ್ ಆಗಿ, ಮಲ ಬಂದ ಹಾಗೆ ಒತ್ತಡ ತಾನಾಗಿ ಬಂದಾಗ ಮುಕ್ಕಬೇಕು. ಅದಕ್ಕೆ ಮುಂಚೆ ಮುಕ್ಕಿದರೆ ಸುಸ್ತು, ಊತ. ಇದು ಎರಡನೇ ಹಂತ. ಮೊದಲ ಹೆರಿಗೆಯಲ್ಲಿ ಸಾಮಾನ್ಯವಾಗಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ಮೇಲಿಂದ ಹೊಟ್ಟೆ ಒತ್ತುವುದು ಹಳೆಯ ಕೆಟ್ಟ ಅಭ್ಯಾಸ. ಬೆಳಿಗ್ಗೆ 10:10ಕ್ಕೆ ಹೆಣ್ಣು ಮಗು, 2.8 ಕಿಲೋ. ಒರೆಸಿ ತಾಯಿಯ ಎದೆ ಮೇಲೆ ಮಲಗಿಸಿ, ಹೊಕ್ಕುಳಬಳ್ಳಿ ಒಂದೆರಡು ನಿಮಿಷ ಬಿಟ್ಟು ಕತ್ತರಿಸಿದರು. ಆ ನಿಮಿಷಗಳಲ್ಲಿ ಮಾಸಿನಲ್ಲಿರುವ ರಕ್ತ ಮಗುವಿಗೆ ಬರುತ್ತದೆ. ಮಾಸು ಬೀಳುವುದು ಮೂರನೇ ಹಂತ, ಅರ್ಧ ಗಂಟೆಯೊಳಗೆ ಆಗಬೇಕು. ಬಾಣಂತಿಯರ ಜೀವ ಹೋಗುವುದು ಹೆಚ್ಚಾಗಿ ಇದಾದ ಮೇಲಿನ ರಕ್ತಸ್ರಾವದಲ್ಲಿ. ಅದಕ್ಕೇ ಮಗು ಹುಟ್ಟಿದ ಕೂಡಲೇ ತೊಡೆಗೊಂದು ಇಂಜೆಕ್ಷನ್ ಹಾಕಿ, ಎರಡು ಗಂಟೆ ಪಕ್ಕದಲ್ಲೇ ಇಟ್ಟುಕೊಂಡು ನೋಡುತ್ತಾರೆ. ಸಿಸೇರಿಯನ್ ಬೇಕು ಅಂದರೆ ಯಾಕೆ ಅಂತ ಕೇಳಿ, ಕಾರಣ ಸರಿಯಿದ್ದರೆ ತಡ ಮಾಡಬೇಡಿ.

ಕೊಡವರ ಮನೆಗಳಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುವ ಹಳೆಯ ಪದ್ಧತಿ ಇದೆ. ನಾವು ಗೌಡರು, ಕೋವಿ ಇರಲಿಲ್ಲ. ಅಳಿಯ ಜೀಪಿನ ಹಾರ್ನ್ ಹೊಡೆದು ವಾಚ್‌ಮನ್ ಹತ್ತಿರ ಬೈಸಿಕೊಂಡ.

ಬಾಣಂತಿ ಕೋಣೆ

ಮೊದಲ ಒಂದು ಗಂಟೆಯೊಳಗೆ ಹಾಲು ಕುಡಿಸಿ. ಹಳದಿ ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು ಏನೂ ಬೇಡ, ಆರು ತಿಂಗಳು ಎದೆಹಾಲು ಮಾತ್ರ. ಬಾಣಂತಿಗೆ ನೀರು ಕಮ್ಮಿ ಕೊಡುವುದು ನಮ್ಮ ಕಡೆಯ ದೊಡ್ಡ ತಪ್ಪು. ಹಾಲು ಎಲ್ಲಿಂದ ಬರಬೇಕು, ಅಲ್ವಾ?

ಆಟಿ ಮಳೆಗೆ ಚಳಿ ಅಂತ ಕೋಣೆಯೊಳಗೆ ಕೆಂಡ ಇಟ್ಟು ಬಾಗಿಲು ಕಿಟಕಿ ಮುಚ್ಚುವುದು ಇನ್ನೂ ಬಿಟ್ಟಿಲ್ಲ. ಅದರ ವಿಷಗಾಳಿಗೆ ವಾಸನೆ ಇಲ್ಲ, ತಾಯಿ ಮಗು ನಿದ್ದೆಯಲ್ಲೇ ಹೋಗಬಹುದು. ಕೆಂಡ ಹೊರಗಿರಲಿ. ಮಗುವನ್ನು ತಾಯಿಯ ಎದೆಗೆ ಒತ್ತಿ ಹೊದಿಸಿದರೆ ಅದಕ್ಕಿಂತ ಬೆಚ್ಚಗಿನ ಜಾಗ ಇಲ್ಲ. ಒಂದು ಗಂಟೆಗೆ ಎರಡು ಪ್ಯಾಡ್ ಪೂರ್ತಿ ತೊಯ್ದರೆ, ಜ್ವರ ಬಂದರೆ, ಸ್ರಾವ ನಾರಿದರೆ, ಮಗು ಹಾಲು ಬಿಟ್ಟರೆ, ಮೊದಲ ದಿನವೇ ಅಥವಾ ಅಂಗಾಲಿನವರೆಗೂ ಹಳದಿಯಾದರೆ ಆಸ್ಪತ್ರೆಗೆ ಹೋಗಿ.

ಏಳನೇ ದಿನ ಆಶಾ ಬಂದು ಮಗುವನ್ನು ತಕ್ಕಡಿಗೆ ಹಾಕಿದಾಗ 2.65. ಅತ್ತಿಗೆ ಕಂಗಾಲು. ಮೊದಲ ವಾರ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕ ಮುಟ್ಟಬೇಕು ಅಂತ ಹೇಳಿ ಡಬ್ಬಿ ಹಾಲು ತರಿಸುವುದನ್ನು ತಡೆದೆ. ಆಗಸ್ಟ್ 2ಕ್ಕೆ, ಹದಿನಾಲ್ಕನೇ ದಿನ, ಆಶಾ ಮತ್ತೆ ಬಂದಳು. ಕೊಡೆ ಹೊರಗಿಟ್ಟು, ಸೋಪು ಹಾಕಿ ಕೈ ತೊಳೆದು, ತಕ್ಕಡಿ ಕೊಕ್ಕೆಗೆ ಸಿಕ್ಕಿಸಿದಳು. 2.9.

ಮಾರನೇ ದಿನ ಆಟಿ ಹದಿನೆಂಟು, ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನುವ ದಿನ. ಹುಡುಗಿಯ ಅತ್ತೆ ಊರಿಂದ ಮದ್ದು ಸೊಪ್ಪಿನ ಪಾಯಸ ತಂದಿದ್ದರು, ನೇರಳೆ ಬಣ್ಣದ್ದು. ಅದು ತಿಂದರೆ ಮೂತ್ರ ಕೆಂಪಾಗುತ್ತದೆ, ಕೊಡಗಿನವರಿಗೆಲ್ಲ ಗೊತ್ತು. ಬಾಣಂತಿಗಾದರೆ ಯಾವುದು ರಕ್ತ, ಯಾವುದು ಸೊಪ್ಪಿನ ಬಣ್ಣ ಅಂತ ಗೊತ್ತಾಗಬೇಕಲ್ಲ? "ಈ ವರ್ಷ ಇವಳಿಗೆ ಬೇಡ ಅಕ್ಕ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಇವಳ ಪಾಲನ್ನೂ ನನ್ನ ತಟ್ಟೆಗೇ ಬಡಿಸಿದರು.